ಟಾಡಿ: ಮರ ಬಿಟ್ಟು ಹೋದ ಹೆಸರು

ಸ್ಕಾಟ್ಲೆಂಡಿನ ಮನೆಗಳಲ್ಲಿ ನೆಗಡಿ ಹಿಡಿದವರಿಗೆ ಕೊಡುವ ಒಂದು ಕಷಾಯವಿದೆ. ವಿಸ್ಕಿಗೆ ಬಿಸಿನೀರು ಸುರಿದು, ಜೇನು ಕದಡಿ, ನಿಂಬೆಹಣ್ಣು ಹಿಂಡುತ್ತಾರೆ. ಕೆಲವರು ಎರಡು ಲವಂಗವನ್ನೂ ಹಾಕುತ್ತಾರೆ. ಹೆಸರು ‘ಹಾಟ್ ಟಾಡಿ’. ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದ ಮದ್ದು. ಬೀರು, ವಿಸ್ಕಿಗಳ ಸಾಲಿನಲ್ಲಿ ಇದೂ ಮನೆತನದ ಆಸ್ತಿ. ವಿಸ್ಕಿ ಅವರದೇ, ತಕರಾರಿಲ್ಲ. ಹೆಸರಿನ ಮೇಲೆ ಮಾತ್ರ ನಮ್ಮ ಕಡೆಯವರು ಒಂದು ತಕರಾರು ಅರ್ಜಿ ಹಾಕಬಹುದು.

ಹಿಂದಿಯಲ್ಲಿ ತಾಳೆಮರ ‘ತಾಡ್’, ಅದರ ಹೆಂಡ ‘ತಾಡಿ’. ಹಿಂದೆ ಸರಿದರೆ ಸಂಸ್ಕೃತದ ‘ತಾಲ’ ಸಿಗುತ್ತದೆ. ಆ ‘ತಾಲ’ವೇ ದ್ರಾವಿಡದಿಂದ ಹೋದದ್ದು ಎನ್ನುವ ವಿದ್ವಾಂಸರೂ ಇದ್ದಾರೆ. ನಮ್ಮ ತಾಳೆ, ತೆಲುಗಿನ ತಾಟಿ ಇದೇ ಬಳಗ. ತಾಳೆಗರಿಯ ಓಲೆಯೂ ಬೇಸಿಗೆಯಲ್ಲಿ ರಸ್ತೆಬದಿ ಕೊಚ್ಚಿ ಕೊಡುವ ತಾಟಿನಿಂಗೂ ಒಂದೇ ಮರದವು. ಸಿಪ್ಪೆಯ ಕುಳಿಗೆ ಹೆಬ್ಬೆರಳು ಹಾಕಿ ಮೀಟಿದರೆ ಜಾರಿ ಬರುವ ಆ ತಣ್ಣನೆಯ ತಿರುಳು ತಿನ್ನುವವನಿಗೆ ತಾನು ‘ಟಾಡಿ’ಯ ದಾಯಾದಿಗೇ ಬಾಯಿಟ್ಟಿದ್ದೇನೆ ಎಂದು ಹೊಳೆಯುವುದಿಲ್ಲ.

17ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ವರ್ತಕರಿಗೆ ‘ತಾಡಿ’ಯ ನಡುವಿನ ಅಕ್ಷರ ನಾಲಿಗೆಗೆ ಹತ್ತಲಿಲ್ಲ. ‘ತಾರಿ’ ಎಂದು ಬರೆದರು, ‘ತಾಡಿ’ ಎಂದು ಬರೆದರು, ಕೊನೆಗೆ ‘ಟಾಡಿ’ ನಿಂತಿತು. ತಾಳೆ, ತೆಂಗು, ಈಚಲು, ಬೈನೆ ಎಂಬ ಭೇದವೂ ಅಳಿಸಿ ಎಲ್ಲ ಮರದ ಕಳ್ಳೂ ಟಾಡಿಯೇ ಆಯಿತು. ಅದು ತಾನೇ ಹುದುಗುವ ವಸ್ತು. ಸಂಜೆ ಕಟ್ಟಿದ ಗಡಿಗೆಯನ್ನು ಬೆಳಗಿನ ಜಾವ ಇಳಿಸಿದರೆ ಸಿಹಿ, ಬಿಸಿಲೇರಿದರೆ ನೊರೆ, ಮಧ್ಯಾಹ್ನ ದಾಟಿದರೆ ಹುಳಿ. ದೊರೆಗಳ ಅಡುಗೆಮನೆಯಲ್ಲಿ ರೊಟ್ಟಿಯ ಹಿಟ್ಟು ಉಬ್ಬಿಸಲೂ ಇದೇ ಕಳ್ಳು ಬಳಕೆಯಾಗುತ್ತಿತ್ತು.

ಹೆಸರು ಹಡಗು ಹತ್ತಿತು, ಮರ ಹತ್ತಲಿಲ್ಲ. ತಾಳೆ ಬೆಳೆಯದ ಚಳಿಯ ನಾಡಿನಲ್ಲಿ ಅದು ಬಿಸಿ ವಿಸ್ಕಿಗೆ ಅಂಟಿಕೊಂಡಿತು. 1786ರಲ್ಲಿ ಅಚ್ಚಾದ ತನ್ನ ಮೊದಲ ಸಂಕಲನದಲ್ಲೇ ರಾಬರ್ಟ್ ಬರ್ನ್ಸ್ ಟಾಡಿಯನ್ನು ಹೆಸರಿಸುತ್ತಾನೆ; ಅದೂ ಒಂದು ಜಾತ್ರೆಯ ಪದ್ಯದಲ್ಲಿ. ಇದೇ ಕವಿ ಮುಂದೆ ಅಬಕಾರಿ ಅಧಿಕಾರಿಯಾದ, ಅದು ಬೇರೆ ತಮಾಷೆ. ಆದರೆ ಎಡಿನ್‌ಬರೋದವರು ಸುಲಭಕ್ಕೆ ಬಿಡುವವರಲ್ಲ. ತಮ್ಮ ಊರಿಗೆ ನೀರು ಕೊಡುತ್ತಿದ್ದ ‘ಟಾಡ್ಸ್ ವೆಲ್’ ಎಂಬ ಬಾವಿಯಿಂದಲೇ ಈ ಹೆಸರು ಬಂತು ಎನ್ನುವ ಕಥೆ ಅಲ್ಲಿದೆ. ಸ್ಕಾಟ್ಸ್ ನುಡಿಯಲ್ಲಿ ಟಾಡ್ ಅಂದರೆ ನರಿ. ನರಿಬಾವಿಯ ಕಥೆ ಚೆನ್ನಾಗಿದೆ, ನಂಬಲು ಆಗದು. 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟು ಟಾಡಿಯ ಮೂಲವನ್ನು ‘ತಾಡಿ’ಯಲ್ಲೇ ತೋರಿಸಿತು. ಅದರ ಸಂಪಾದಕರಲ್ಲೊಬ್ಬ ಹೆನ್ರಿ ಯೂಲ್, ಎಡಿನ್‌ಬರೋದ ಹತ್ತಿರವೇ ಹುಟ್ಟಿದವನು. ಮನೆಯವನೇ ಸಾಕ್ಷಿ ಹೇಳಿದ ಮೇಲೆ ದಾವೆ ಮುಗಿದಂತೆ.

ಈಗ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರಕ್ಕೆ ಬನ್ನಿ. ಭಾದ್ರಪದದಲ್ಲಿ ಮಾರಮ್ಮನ ಜಾತ್ರೆಗೆ ಆಂಧ್ರದ ಕಡೆಯಿಂದಲೂ ಜನ ಬಂದು ಸೇರುವ ಊರು. ಈ ಸೀಮೆಯಲ್ಲಿ ಕನ್ನಡದ ಈಚಲು, ತೆಲುಗಿನ ಈತ ಎರಡೂ ಒಂದೇ ಸಂತೆಯಲ್ಲಿ ಕೇಳಿಸುತ್ತವೆ. ಹಳ್ಳದ ದಡದ ಈಚಲೇ ಬಯಲುಸೀಮೆಯ ಹೆಂಡದ ಮರ. ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಅದರಿಂದ ದೊಡ್ಡ ಆದಾಯವಿತ್ತು. ಕುಡಿಯುವವರ ಬಾಯಲ್ಲಿ ಅದು ಕಳ್ಳು, ಹೆಂಡ, ಸೇಂದಿ. ‘ಟಾಡಿ’ ಇಲ್ಲಿಗೆ ಬಂದದ್ದು ಅಬಕಾರಿ ಕಡತದೊಳಗೆ, ಪರದೇಶದಿಂದ ತಿರುಗಿ ಬಂದ ನೆಂಟನ ಹಾಗೆ, ಗುರುತೇ ಸಿಗದಂತೆ.

ಈ ಸೀಮೆಯ ಮ್ಯಾಸಬೇಡ ಸಮುದಾಯದ ಕಟ್ಟಳೆಯಂತೂ ಸ್ಕಾಟರದಕ್ಕೆ ತೀರ ತಿರುವುಮುರುವು. ಹೆಂಡ ಕುಡಿಯಬಾರದು, ಈಚಲುಮರ ಮುಟ್ಟಬಾರದು, ಈಚಲು ಗರಿಯ ಚಾಪೆಯೂ ಸಲ್ಲದು, ಕೋಳಿಯೂ ನಿಷಿದ್ಧ. ಅಲ್ಲಿ ಕುಡಿಯುವ ಬಟ್ಟಲು ಮನೆತನದ ಗುರುತಾದರೆ ಇಲ್ಲಿ ಮುಟ್ಟದ ಮರ ಕುಲದ ಗುರುತು. ನನಗೆ ಎರಡನೆಯದೇ ಹೆಚ್ಚು ಗಟ್ಟಿ ಅನ್ನಿಸುತ್ತದೆ: ಬಟ್ಟಲನ್ನು ಯಾರಾದರೂ ಕೊಳ್ಳಬಹುದು, ಹಳ್ಳದ ದಡದಲ್ಲಿ ದಿನಾ ಕಣ್ಣಿಗೆ ಬೀಳುವ ಮರವನ್ನು ತಲೆಮಾರುಗಟ್ಟಲೆ ಮುಟ್ಟದೆ ಇರುವುದಕ್ಕೆ ಬೇರೆಯೇ ಛಲ ಬೇಕು.

ಸ್ಕಾಟರು ನಮ್ಮ ಹೆಸರು ಒಯ್ದು ಸುಮ್ಮನಿರಲಿಲ್ಲ, ಬದಲಿಗೆ ಬೀರು ಕೊಟ್ಟರು. 1915ರಲ್ಲಿ ದಕ್ಷಿಣ ಭಾರತದ ಐದು ಬೀರು ಕಾರ್ಖಾನೆಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ ಥಾಮಸ್ ಲೀಶ್‌ಮನ್ ಸ್ಕಾಟ್ಲೆಂಡಿನವನು. ಈಗ ಅದರ ಬಾಟಲಿ ಚಳ್ಳಕೆರೆಯಲ್ಲೂ ಸಿಗುತ್ತದೆ. ಬೀರು ಬಾರ್ಲಿಯದು, ಈಚಲಿನದಲ್ಲ, ಕಟ್ಟಳೆ ಎಲ್ಲಿ ಮುರಿಯಿತು ಎಂದು ವಾದ ಹೂಡುವ ಜಾಣ ಹುಡುಗರು ಮ್ಯಾಸಬೇಡರ ಯಾವ ಹಟ್ಟಿಯಲ್ಲೂ ಹುಟ್ಟಬಹುದು. ಹಟ್ಟಿಯ ಯಜಮಾನ ಒಪ್ಪುವುದು ಮಾತ್ರ ಅನುಮಾನ.