ಸಾವಯವ ಗೊಬ್ಬರ ಹಾಕಿದರೆ ಸೊಪ್ಪಿನ ಸತ್ವ ಹೆಚ್ಚುತ್ತದೆಯೇ?

ಮನೆಯಲ್ಲಿ ಯಾರಿಗಾದರೂ ಹಿಮೋಗ್ಲೋಬಿನ್ ಕಡಿಮೆ ಬಂದರೆ ಮೊದಲು ನೆನಪಾಗುವುದು ಸೊಪ್ಪು. ಬಾಲ್ಕನಿಯ ಕುಂಡಗಳಲ್ಲೇ ಪಾಲಕ್, ಮೆಂತ್ಯ, ದಂಟು ಬೆಳೆಸೋಣ ಎಂದು ನೀವೂ ಯೋಚಿಸುತ್ತಿರಬಹುದು. (ನಮ್ಮ ದಂಟಿನ ಸೊಪ್ಪು ಮುಂಬೈ, ಪುಣೆಯ ಸಂತೆಯಲ್ಲಿ ಮಾಠ, ಹೈದರಾಬಾದಿನಲ್ಲಿ ತೋಟಕೂರ.) ಒಳ್ಳೆಯದೇ. ಆದರೆ ಗೊಬ್ಬರದಿಂದ ಎಷ್ಟು ನಿರೀಕ್ಷಿಸಬಹುದು ಎಂಬುದು ಗೊತ್ತಿರಲಿ.

ಗೊಬ್ಬರ ಏನು ಮಾಡುತ್ತದೆ?

ಕಾಂಪೋಸ್ಟ್ ಅಥವಾ ಎರೆಹುಳು ಗೊಬ್ಬರ ಮಣ್ಣಿನಲ್ಲಿ ತೇವ ಹಿಡಿದಿಡುತ್ತದೆ. ಸಾರಜನಕವನ್ನು ನಿಧಾನವಾಗಿ ಬಿಡುತ್ತದೆ. ಸತು, ಕಬ್ಬಿಣ, ಮ್ಯಾಂಗನೀಸ್‌ಗಳನ್ನು ಅಲ್ಪ ಪ್ರಮಾಣದಲ್ಲಿ ಕೊಡುತ್ತದೆ. ನಮ್ಮ ದೇಶದ ಹಲವೆಡೆ ಮಣ್ಣಿನಲ್ಲಿ ಸತು ಕಡಿಮೆ. ಅಂಥ ಕೊರತೆ ನೀಗಿದಾಗ ಎಲೆಯಲ್ಲೂ ವ್ಯತ್ಯಾಸ ಕಾಣಬಹುದು. ಮಣ್ಣು ಮೊದಲೇ ಚೆನ್ನಾಗಿದ್ದರೆ ಎರಡು ಪಟ್ಟು ಗೊಬ್ಬರ ಸುರಿದರೂ ಎರಡು ಪಟ್ಟು ಕಬ್ಬಿಣ ಬರುವುದಿಲ್ಲ. ಸಾರಜನಕ ಅತಿಯಾದರೆ, ಅದು ಯೂರಿಯಾದಿಂದಲೇ ಬರಲಿ ಗೊಬ್ಬರದಿಂದಲೇ ಬರಲಿ, ಎಲೆ ಕಡು ಹಸಿರಾಗಿ ಸೊಂಪಾಗಿ ಕಂಡರೂ ಅದರಲ್ಲಿ ನೈಟ್ರೇಟ್ ಸೇರಿಕೊಳ್ಳುತ್ತದೆ.

ಒಂದು ಲೆಕ್ಕ ನೋಡಿ. 100 ಗ್ರಾಂ ಪಾಲಕ್‌ನಲ್ಲಿ ಸುಮಾರು 3 ಮಿ.ಗ್ರಾಂ ಕಬ್ಬಿಣವಿದೆ. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿ.ಗ್ರಾಂ ಬೇಕೆಂದು ಐಸಿಎಂಆರ್ 2020ರಲ್ಲಿ ಹೇಳಿದೆ. ಗೊಬ್ಬರದಿಂದ ಸೊಪ್ಪಿನ ಕಬ್ಬಿಣ ಕಾಲು ಭಾಗ ಹೆಚ್ಚಿತೆಂದೇ ಇಟ್ಟುಕೊಳ್ಳಿ, ಹೆಚ್ಚುವರಿ ಸಿಗುವುದು 1 ಮಿ.ಗ್ರಾಂಗಿಂತಲೂ ಕಡಿಮೆ. ಅದರಲ್ಲೂ ದೇಹ ಹೀರಿಕೊಳ್ಳುವುದು ಸ್ವಲ್ಪವೇ. ಹಾಗಾಗಿ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಸೊಪ್ಪಿನ ಭರವಸೆಯಲ್ಲಿ ನಿಲ್ಲಿಸಬೇಡಿ. ಪಲ್ಯಕ್ಕೆ ನಿಂಬೆರಸ ಹಿಂಡಿ. ಊಟದ ಜೊತೆಗೆ ಚಹಾ, ಕಾಫಿ ಬೇಡ.

ಯಾವ ಗೊಬ್ಬರ, ಹೇಗೆ?

ಕುಂಡಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಸಾಕು. ಕಳಿತ ಗೊಬ್ಬರಕ್ಕೆ ಮಳೆ ಬಿದ್ದ ನೆಲದ ವಾಸನೆ ಇರುತ್ತದೆ; ಸಗಣಿ ವಾಸನೆ ಇದ್ದರೆ, ಮುಟ್ಟಿದಾಗ ಬಿಸಿ ಎನಿಸಿದರೆ, ಇನ್ನೂ ಕಾಯಬೇಕು.

ಹಸಿ ಸಗಣಿಯಲ್ಲಿ ಇ. ಕೋಲಿಯಂಥ ರೋಗಾಣುಗಳಿರಬಹುದು. ನೆಲಕ್ಕೆ ತಾಗುವ ಬೆಳೆಗಳಲ್ಲಿ ಹಸಿ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ 120 ದಿನ ಬಿಡಬೇಕೆಂಬುದು ಅಮೆರಿಕದ ಸಾವಯವ ಕೃಷಿ ನಿಯಮ. ಪಾಲಕ್, ಮೆಂತ್ಯ ಒಂದು ಒಂದೂವರೆ ತಿಂಗಳಿಗೇ ಕೊಯ್ಲಿಗೆ ಬರುತ್ತವೆ! ಆದ್ದರಿಂದ ಕುಂಡಕ್ಕೆ ಹಸಿ ಸಗಣಿ ಬೇಡ, ಜೀವಾಮೃತವನ್ನು ಎಲೆಯ ಮೇಲೆ ಚಿಮುಕಿಸುವುದೂ ಬೇಡ. ಕೀಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿ ಆದವರು, ಗರ್ಭಿಣಿಯರು ಮನೆಯಲ್ಲಿದ್ದರೆ ಸೊಪ್ಪನ್ನು ತೊಳೆದು ಬೇಯಿಸಿಯೇ ಕೊಡಿ. ಗೊಬ್ಬರದ ಚೀಲ ಬಿಚ್ಚುವ ಕೆಲಸವೂ ಅವರಿಗೆ ಬೇಡ: ಅದರ ಧೂಳಿನಿಂದ ಶ್ವಾಸಕೋಶಕ್ಕೆ ಸೋಂಕು ತಗಲಬಹುದು. ನೀವೂ ಮಾಸ್ಕ್ ಹಾಕಿಕೊಂಡು, ಸ್ವಲ್ಪ ನೀರು ಚಿಮುಕಿಸಿ ಬಿಚ್ಚಿ.

ರಸ್ತೆ ಬದಿಯ, ಕೆಡವಿದ ಹಳೆ ಕಟ್ಟಡದ ಮಣ್ಣು ತರಬೇಡಿ. ಅದರಲ್ಲಿ ಸೀಸ ಇರಬಹುದು, ಗೊಬ್ಬರ ಅದನ್ನು ತೆಗೆದುಹಾಕುವುದಿಲ್ಲ.

ಯಾರು ವೈದ್ಯರನ್ನು ಕೇಳಬೇಕು?

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಇದ್ದಕ್ಕಿದ್ದಂತೆ ಹೆಚ್ಚಿಸಬಾರದು. ಸೊಪ್ಪಿನ ವಿಟಮಿನ್ ಕೆ ಔಷಧದ ಪರಿಣಾಮವನ್ನು ತಗ್ಗಿಸುತ್ತದೆ. ಆಕ್ಸಲೇಟ್ ಕಲ್ಲು ಆದವರಿಗೆ, ಹೇಗೆ ಬೆಳೆದರೂ ಪಾಲಕ್ ಪಾಲಕ್ಕೇ. ಮೂತ್ರಪಿಂಡದ ಕಾಯಿಲೆಯಿಂದಾಗಿ ಪೊಟ್ಯಾಸಿಯಂ ಮಿತಿಯಲ್ಲಿರಬೇಕಾದವರು ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬೇಕು. ಬಸ್ಸಾರಿನಲ್ಲಿ ಆ ಬಸಿದ ನೀರೇ ಸಾರಾಗುವುದರಿಂದ ಅವರಿಗೆ ಪಲ್ಯ ಮಾತ್ರ ಬಡಿಸಿ, ಅದೂ ಎಷ್ಟೆಂದು ವೈದ್ಯರನ್ನೋ ಆಹಾರ ತಜ್ಞರನ್ನೋ ಕೇಳಿ.