ಉಪದೇಶಿಯವರ ಸೈಕಲ್: ಗುಜರಿಗೋ, ದಾರಿಗೋ?



ಗುಡಿಬಂಡೆ ಕಡೆಯ ಒಂದು ಮನೆಯ ಹಿತ್ತಲಲ್ಲಿ, ಕೊಟ್ಟಿಗೆಯ ಗೋಡೆಗೆ ಒರಗಿಕೊಂಡು ಒಂದು ಸೈಕಲ್ ಬಹಳ ವರ್ಷಗಳಿಂದ ನಿಂತಿತ್ತು. ಎರಡೂ ಟೈರು ಬಿರಿದಿದ್ದವು. ಸೀಟಿನ ಚರ್ಮ ಸೀಳಿತ್ತು. ಚೈನು ತುಕ್ಕು ಹಿಡಿದು ಕಂಬಿಯಂತೆ ಬಿಗಿದುಕೊಂಡಿತ್ತು. ಅದು ತೀರಿಹೋದ ಉಪದೇಶಿಯೊಬ್ಬರ ಸೈಕಲ್. ಅವರೂ ಅದನ್ನು ಹೊಸದಾಗಿ ಕೊಂಡವರಲ್ಲ. ಯಾರೋ ಮೇಷ್ಟ್ರು ಓಡಿಸಿ ಬಿಟ್ಟದ್ದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡಿದ್ದರಂತೆ. ಗುಜರಿಯವನು ಬಂದು ತೂಕಕ್ಕೆ ಕೇಳಿದ ದಿನ ಮನೆಯವರು ನಮ್ಮ ಯುವಜನರಿಗೆ ಹೇಳಿ ಕಳಿಸಿದರು.

ಹೋಗಿ ನೋಡಿದ ಮೇಲೆ ನಮ್ಮಲ್ಲೇ ಎರಡು ಗುಂಪಾಯಿತು. ಬಣ್ಣ ಹೊಡೆಸಿ, ಹೊಳಪು ಕೊಟ್ಟು ದೇವಾಲಯದ ಸಭಾಂಗಣದಲ್ಲಿ ನೆನಪಿಗಾಗಿ ಇಡೋಣ ಎಂದರು ಕೆಲವರು. ಆ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಹೊಸ ಸೈಕಲ್ಲೇ ಬರುತ್ತದೆ, ಇದನ್ನು ಗುಜರಿಗೆ ಹಾಕೋಣ ಎಂದರು ಉಳಿದವರು. ಅಷ್ಟೂ ಹೊತ್ತು ಸುಮ್ಮನೆ ಕೇಳುತ್ತಿದ್ದ ಅಜ್ಜಿ ಒಂದೇ ಮಾತು ಹೇಳಿದರು: "ಓಡ್ಸೋರು ಇದ್ರೆ ತಗೊಂಡ್ ಹೋಗ್ರಪ್ಪ. ಇಲ್ದಿದ್ರೆ ಗುಜರಿಗೆ ಹಾಕಿ. ನಿಲ್ಸಿಡೋಕೆ ಅಂತ ಅವರು ಅದನ್ನ ಕೊಂಡಿರ್ಲಿಲ್ಲ."

ಆ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು. ಒಂದು ಹಳೆಯ ಸೈಕಲ್ ಉಳಿಸಲು ಯೋಗ್ಯವೇ ಎಂದು ತೀರ್ಮಾನಿಸಬೇಕಾದರೆ ಅದು ಎಲ್ಲಿಂದ ಬಂತು, ಇಷ್ಟು ಕಾಲ ಹೇಗೆ ಬಾಳಿತು ಎಂಬುದನ್ನು ಮೊದಲು ತಿಳಿಯಬೇಕು. ಹಾಗಾಗಿ ಸ್ವಲ್ಪ ಚರಿತ್ರೆ ನೋಡೋಣ.

1817ರಲ್ಲಿ ಜರ್ಮನಿಯ ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎಂಬವರು ಎರಡು ಚಕ್ರದ ಮರದ ಗಾಡಿಯೊಂದನ್ನು ಓಡಿಸಿ ತೋರಿಸಿದರು. ಅದಕ್ಕೆ ಪೆಡಲ್ ಇರಲಿಲ್ಲ. ಕಾಲಿನಿಂದ ನೆಲವನ್ನು ಒದ್ದು ಮುಂದೆ ಹೋಗಬೇಕಿತ್ತು. 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಬಂತು. 1885ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿರುವ, ಚೈನಿನಿಂದ ಹಿಂದಿನ ಚಕ್ರ ತಿರುಗುವ 'ರೋವರ್' ಸೈಕಲ್ಲನ್ನು ಜನರ ಮುಂದಿಟ್ಟರು. ಮೂರು ವರ್ಷದ ನಂತರ, 1888ರಲ್ಲಿ, ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ತಮ್ಮ ಮಗನ ಮೂರು ಚಕ್ರದ ಗಾಡಿ ಕಲ್ಲುಹಾದಿಯಲ್ಲಿ ಕುಲುಕಬಾರದೆಂದು ಅವರು ಮಾಡಿದ ಉಪಾಯ ಅದು. ಇವೆರಡೂ ಕೂಡಿದಾಗ ಇಂದಿನ ಸೈಕಲ್ ಹುಟ್ಟಿತು. ಅಂದಿನಿಂದ ಅದರ ಮೂಲ ರೂಪ ಅಷ್ಟೇನೂ ಬದಲಾಗಿಲ್ಲ.

ಸ್ವಾತಂತ್ರ್ಯ ಬರುವವರೆಗೂ ನಮ್ಮ ದೇಶದಲ್ಲಿ ಓಡಾಡಿದ ಸೈಕಲ್‌ಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನವು. 1930ರ ದಶಕದಲ್ಲಿ ಅಗ್ಗದ ಜಪಾನಿ ಸೈಕಲ್‌ಗಳೂ ಬಂದವು. ನಿಜವಾದ ಬದಲಾವಣೆ ಆದದ್ದು ಸ್ವಾತಂತ್ರ್ಯದ ಬೆನ್ನಿಗೆ. 1949ರಲ್ಲಿ ಮುರುಗಪ್ಪ ಮನೆತನದವರು ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪನಿಯ ಜೊತೆ ಸೇರಿ ಟಿಐ ಸೈಕಲ್ಸ್ ಸ್ಥಾಪಿಸಿದರು. ಮದ್ರಾಸಿನ ಅಂಬತ್ತೂರಿನಲ್ಲಿ 'ಹರ್ಕ್ಯುಲಿಸ್' ತಯಾರಾಗತೊಡಗಿತು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1952ರಲ್ಲಿ ಬಂಗಾಳದ ಅಸನ್ಸೋಲ್‌ನಲ್ಲಿ ಸೇನ್-ರ್‍ಯಾಲಿ, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಆರಂಭವಾದವು. ಹೀರೋ ಕಟ್ಟಿದ ಮುಂಜಾಲ್ ಸಹೋದರರು ಮೊದಲು ಸೈಕಲ್ಲಿನ ಬಿಡಿಭಾಗಗಳನ್ನು ಮಾರುತ್ತಿದ್ದವರು. ಆಮೇಲೆ ಫೋರ್ಕ್, ಹ್ಯಾಂಡಲ್ ಮಾಡಿದರು. ಕೊನೆಗೆ ಇಡೀ ಸೈಕಲ್. ಮೊದಲು ಬಿಡಿಭಾಗ, ನಂತರ ಸೈಕಲ್: ಈ ಕ್ರಮವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮ ಉಪದೇಶಿಯವರ ಸೈಕಲ್ಲಿನ ಮುಂಭಾಗದ ಬಿಲ್ಲೆಯನ್ನು ಸೀಮೆಎಣ್ಣೆ ಹಾಕಿ ಉಜ್ಜಿದಾಗ 'ಹರ್ಕ್ಯುಲಿಸ್' ಎಂಬ ಹೆಸರು, ಅದರ ಕೆಳಗೆ ಮದ್ರಾಸ್ ಎಂಬ ಅಕ್ಷರಗಳು ಕಾಣಿಸಿದವು. ಅಂದರೆ ಅದು ಅಂಬತ್ತೂರಿನ ಕೂಸು. ಆ ಕಾರ್ಖಾನೆ ಶುರುವಾದಾಗ ನಮ್ಮ ಊರುಗಳೂ ಮದ್ರಾಸ್ ರಾಜ್ಯದಲ್ಲೇ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಅನಂತಪುರ ಜಿಲ್ಲೆಯ ಜೊತೆ ಮಡಕಶಿರಾ, ಗುಡಿಬಂಡೆ ಅಲ್ಲಿಗೆ ಸೇರಿದವು. ಅದೇ ದಿನ ಬಳ್ಳಾರಿ ಮೈಸೂರಿಗೆ ಹೋಯಿತು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ, ಆದೋನಿ, ಆಲೂರು ಆಂಧ್ರಕ್ಕೆ ಬಂದವು. 2022ರ ಏಪ್ರಿಲ್‌ನಿಂದ ಗುಡಿಬಂಡೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕಾಗದದಲ್ಲಿ ಗಡಿ ಎಷ್ಟು ಸಲ ಸರಿದರೂ ಗುಡಿಬಂಡೆ, ರೊಳ್ಳ, ಅಗಳಿ, ಅಮರಾಪುರದ ಮನೆಗಳಲ್ಲಿ ಕನ್ನಡ ಉಳಿಯಿತು. ಆ ಕಡೆ ಪಾವಗಡ, ಈ ಕಡೆ ಸಿರಾ. ನೆಂಟಸ್ತನ, ಸಂತೆ, ಹಬ್ಬಗಳಿಗೆ ಜನ ಗಡಿ ದಾಟಿ ಓಡಾಡುತ್ತಲೇ ಇದ್ದರು. ಬಸ್ಸು ದಿನಕ್ಕೊಂದೋ ಎರಡೋ ಬರುತ್ತಿದ್ದ ಊರುಗಳಲ್ಲಿ ಆ ಓಡಾಟಕ್ಕೆ ಇದ್ದ ಸಾಧನ ಸೈಕಲ್.

ಆಗ ಸೈಕಲ್ ಯಾರ ಹತ್ತಿರ ಇರುತ್ತಿತ್ತು? ಪೋಸ್ಟ್‌ಮ್ಯಾನ್, ಮೇಷ್ಟ್ರು, ಹಾಲಿನವರು, ಬಟ್ಟೆ ಗಂಟು ಹೊತ್ತ ವ್ಯಾಪಾರಿ, ಮತ್ತೆ ನಮ್ಮ ಉಪದೇಶಿ. ಗುರುಗಳು ತಿಂಗಳಿಗೊಮ್ಮೆ ಬಲಿಪೂಜೆಗೆ ಬರುತ್ತಿದ್ದ ಹಳ್ಳಿಗೆ ಉಪದೇಶಿ ವಾರವಾರ ಹೋಗುತ್ತಿದ್ದರು. ಮಕ್ಕಳಿಗೆ ಜ್ಞಾನೋಪದೇಶ, ಮನೆಯಲ್ಲಿ ಪ್ರಾರ್ಥನೆ, ಕಾಯಿಲೆ ಬಿದ್ದವರ ಸುದ್ದಿಯನ್ನು ಗುರುಗಳಿಗೆ ಮುಟ್ಟಿಸುವುದು, ಎಲ್ಲಕ್ಕೂ ಆ ಎರಡು ಚಕ್ರವೇ. ಬಹಳ ಊರುಗಳಲ್ಲಿ ಸೈಕಲ್ಲಿಗೆ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ಹಾಕಿಸಬೇಕಿತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಡಬಲ್ಸ್ ಹೋದರೆ ದಂಡ. ಸ್ವಂತ ಸೈಕಲ್ ಇಲ್ಲದವರು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತರುತ್ತಿದ್ದರು. ನಮ್ಮ ಅಪ್ಪಂದಿರು ಚೌಕಟ್ಟಿನ ನಡುವೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತದ್ದು ಇಂಥ ಬಾಡಿಗೆ ಸೈಕಲ್ಲಿನ ಮೇಲೆಯೇ.

ಈ ಬಯಲುಸೀಮೆ ಸೈಕಲ್ಲಿಗೆ ಸುಖದ ನೆಲವೇನಲ್ಲ. ಬಂಡೆ, ಗರಸು ಮಣ್ಣು, ಬೇಸಿಗೆಯ ಬಿಸಿಲು, ಎಲ್ಲಕ್ಕಿಂತ ಹೆಚ್ಚಾಗಿ ಬಳ್ಳಾರಿ ಜಾಲಿಯ ಮುಳ್ಳು. ಆದರೂ ಇಲ್ಲಿ ಒಂದೊಂದು ಸೈಕಲ್ ಎರಡು ತಲೆಮಾರು ಬಾಳಿತು. ಗಟ್ಟಿ ಕಬ್ಬಿಣ ಎಂಬುದು ಅರ್ಧ ಕಾರಣ ಮಾತ್ರ. ಉಳಿದ ಅರ್ಧ, ಅದರ ಯಾವ ಭಾಗ ಹೋದರೂ ಅದೊಂದನ್ನೇ ಬದಲಿಸಬಹುದಿತ್ತು ಎಂಬುದು. ಮರದ ಕೆಳಗೆ ಒಂದು ಪೆಟ್ಟಿಗೆ, ಒಂದು ಪಂಪು, ಒಂದು ಬೋಗುಣಿ ನೀರು ಇಟ್ಟುಕೊಂಡು ಕೂತವರು ಅದನ್ನು ಬಿಚ್ಚಿ ಜೋಡಿಸಬಲ್ಲವರಾಗಿದ್ದರು. ಒಂದು ಕಂಪನಿಯ ಪೆಡಲ್ ಇನ್ನೊಂದರ ಸೈಕಲ್ಲಿಗೆ ಸಾಮಾನ್ಯವಾಗಿ ಕೂರುತ್ತಿತ್ತು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆಯಲ್ಲಿ ಕೆಲಸ ನಿಂತಿತು. ಆದರೂ ಊರೂರಿನ ಅಟ್ಲಾಸ್ ಸೈಕಲ್‌ಗಳು ಮರುದಿನವೂ ಓಡಿದವು, ಏಕೆಂದರೆ ಬಿಡಿಭಾಗ ಸಿಗುತ್ತಿತ್ತು. ಸೈಕಲ್ ನಮ್ಮ ನಾಡಿನಲ್ಲಿ ಉಳಿದ ಚರಿತ್ರೆಯೆಂದರೆ ರಿಪೇರಿಯ ಚರಿತ್ರೆ.

ಹಾಗಾದರೆ ಹಳೆಯ ಸೈಕಲ್ಲನ್ನು ತೂಗಿ ನೋಡುವುದೂ ಆ ಕ್ರಮದಲ್ಲೇ: ಬದಲಿಸಬಹುದಾದದ್ದನ್ನು ಕಂಡು ಹೆದರಬಾರದು, ಬದಲಿಸಲಾಗದ್ದನ್ನು ಮೊದಲು ನೋಡಬೇಕು. ಬದಲಿಸಲಾಗದ್ದು ಚೌಕಟ್ಟು. ಮಡಕಶಿರಾದಲ್ಲಿ ಸೈಕಲ್ ರಿಪೇರಿ ಮಾಡುವ ಅಣ್ಣನೊಬ್ಬರು ನಮಗೆ ಕಲಿಸಿದ ಪರೀಕ್ಷೆ ಇದು. ಹಿಂದಿನ ಚಕ್ರ ಕೂರುವ ಒಂದು ಬದಿಯ ಕೊಂಡಿಗೆ ದಾರ ಕಟ್ಟಿ, ಹ್ಯಾಂಡಲ್ ಕೆಳಗಿನ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಬದಿಯ ಕೊಂಡಿಗೆ ಬಿಗಿಯಾಗಿ ಕಟ್ಟಬೇಕು. ಸೀಟಿನ ಕೆಳಗಿನ ಕೊಳವೆಗೂ ದಾರಕ್ಕೂ ನಡುವಿನ ಅಂತರ ಎರಡೂ ಬದಿ ಒಂದೇ ಇರಬೇಕು. ಎರಡು ಮೂರು ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚೌಕಟ್ಟು ತಿರುಚಿದೆ ಎಂದರ್ಥ. ಆಮೇಲೆ ಬೆಸುಗೆ ಇರುವ ಕಡೆಗಳಲ್ಲಿ, ಮುಖ್ಯವಾಗಿ ಹ್ಯಾಂಡಲ್ ಕೆಳಗೆ ಮತ್ತು ಪೆಡಲ್ ಇರುಸಿನ ಸುತ್ತ, ಬಣ್ಣದಲ್ಲಿ ಕೂದಲೆಳೆಯಂಥ ಸೀಳು ಇದೆಯೇ ನೋಡಬೇಕು. ತುಕ್ಕನ್ನು ಕೆರೆದಾಗ ಕೆಳಗೆ ಗಟ್ಟಿ ಲೋಹ ಸಿಕ್ಕರೆ ಚಿಂತೆಯಿಲ್ಲ. ತೂತು ಬಿದ್ದರೆ ಅಲ್ಲಿಗೇ ನಿಲ್ಲಿಸಬೇಕು.

ಉಳಿದದ್ದು ಲೆಕ್ಕ. ಚೈನಿನ ಮೇಲೆ ಸ್ಕೇಲ್ ಇಡಿ. ಹೊಸ ಚೈನಿನಲ್ಲಿ 24 ಕೊಂಡಿಗಳು ಸರಿಯಾಗಿ 12 ಇಂಚು ಇರುತ್ತವೆ. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ಹೆಚ್ಚಾಗಿದ್ದರೆ ಹಲ್ಲಿನ ಚಕ್ರಗಳೂ ಸವೆದಿರುತ್ತವೆ. ಟೈರಿನ ಮೇಲೆ 28 x 1½ ಎಂದೂ ಪಕ್ಕದಲ್ಲಿ 635 ಎಂದೂ ಬರೆದಿರುತ್ತದೆ. ಆ 635 ರಿಮ್ಮಿನ ನಿಜವಾದ ಅಳತೆ, ಮಿಲಿಮೀಟರ್‌ನಲ್ಲಿ. ಎಡ ಪೆಡಲ್ಲನ್ನು ಬಿಚ್ಚುವಾಗ ಮಾಮೂಲಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಬೇಕು. ಇದು ತಿಳಿಯದೆ ನಮ್ಮ ಹುಡುಗನೊಬ್ಬ ಅರ್ಧ ಗಂಟೆ ಬೆವರು ಸುರಿಸಿದ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಗೆಳೆಯರು ಕೆಲವರು ತೆಳು ಟೈರಿನ, ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕ್‌ಗಳನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ನೋಡುತ್ತಿದ್ದಾರೆ. ಅವರಿಗೂ ಇದೇ ಕ್ರಮ: ಮೊದಲು ಚೌಕಟ್ಟು, ನಂತರ ಬಿಡಿಭಾಗಗಳ ಪಟ್ಟಿ. ಆದರೆ ಅದರ ರಿಮ್ಮಿನ ಅಳತೆ ಸಾಮಾನ್ಯವಾಗಿ 622. ಅಪ್ಪನ ಸೈಕಲ್ಲಿನ ಟೈರು ಅದಕ್ಕೆ ಕೂರುವುದಿಲ್ಲ. ಗೇರ್ ಇರುವುದರಿಂದ ಚೈನು, ಹಲ್ಲಿನ ಚಕ್ರ, ಲಿವರ್ ಎಲ್ಲ ಒಂದಕ್ಕೊಂದು ಹೊಂದಬೇಕು. ಚೌಕಟ್ಟು ಅಲ್ಯೂಮಿನಿಯಂ ಅಥವಾ ಕಾರ್ಬನ್ ಆಗಿದ್ದು ಸೀಳಿದ್ದರೆ ಊರಿನ ಬೆಸುಗೆಯವರ ಕೈಯಲ್ಲಿ ಅದು ಸರಿಹೋಗುವುದಿಲ್ಲ. ನಗರದಲ್ಲೇ ಓಡಿಸುವುದಾದರೆ ಕೊಳ್ಳಲಿ. ಊರಿಗೆ ತರುವುದಾದರೆ, ಅದರ ಟೈರು ಇಲ್ಲಿ ಸಿಗುತ್ತದೆಯೇ ಎಂದು ಮೊದಲು ಕೇಳಲಿ.

ನಮ್ಮ ಸೈಕಲ್ಲಿನ ದಾರ ಎರಡೂ ಬದಿ ಸಮ ಬಂತು. ಫೋರ್ಕ್ ಮಾತ್ರ ಹಿಂದಕ್ಕೆ ಬಾಗಿತ್ತು, ಎಂದೋ ಬಿದ್ದ ಗುರುತು. ಫೋರ್ಕ್, ಟೈರು, ಟ್ಯೂಬು, ಚೈನು, ಫ್ರೀವೀಲ್, ಬ್ರೇಕಿನ ರಬ್ಬರು, ಕೆಲವು ಕಡ್ಡಿ, ಕಾಟರ್ ಪಿನ್ನು, ಗುಂಡು, ಸೀಟು: ಎಲ್ಲ ಬರೆದು ಕೂಡಿಸಿದೆವು. ಒಟ್ಟು ಹೊಸ ಸೈಕಲ್ಲಿನ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಂತಿತು. ಅರ್ಧ ದಾಟಿದ್ದರೆ ಕೈಬಿಡುವುದು ಎಂದು ಮೊದಲೇ ಮಾತಾಗಿತ್ತು. ಬಣ್ಣದ ಖರ್ಚನ್ನು ಪಟ್ಟಿಯಿಂದ ಹೊಡೆದು ಹಾಕಿದೆವು. ಬಣ್ಣ ಹೊಡೆದರೆ ಸೈಕಲ್ ಚೆನ್ನಾಗಿ ಕಾಣುತ್ತದೆ, ಚೆನ್ನಾಗಿ ಓಡುವುದಿಲ್ಲ.

ಇಷ್ಟಾದರೂ ಅಜ್ಜಿಯ ಪ್ರಶ್ನೆ ಉಳಿದೇ ಇತ್ತು. ಓಡಿಸುವವರು ಯಾರು? ಆಗ ಮುಂದೆ ಬಂದದ್ದು ಕಾಲೇಜಿಗೆ ಸೇರಿದ ಒಬ್ಬ ಹುಡುಗಿ. ಬಸ್ಸು ನಿಲ್ಲುವ ದೊಡ್ಡ ರಸ್ತೆಯವರೆಗೆ ಅವಳು ಬೆಳಗ್ಗೆ ಸಂಜೆ ನಡೆಯುತ್ತಾಳೆ. ಕತ್ತಲಾದ ದಿನ ಮನೆಯವರು ದಾರಿ ಕಾಯುತ್ತಾರೆ. ಅದು ಗಂಡಸರ ಸೈಕಲ್, ನಡುವೆ ಅಡ್ಡ ಕಂಬಿ ಇದೆ, ಹುಡುಗಿಗೆ ಆಗುತ್ತದೆಯೇ ಎಂದು ಹಿರಿಯರೊಬ್ಬರು ಕೇಳಿದರು.

ಅದಕ್ಕೂ ಚರಿತ್ರೆಯಲ್ಲಿ ಉತ್ತರವಿತ್ತು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿಯ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರು. ಆಗಿನ ಕಲೆಕ್ಟರ್ ಶೀಲಾ ರಾಣಿ ಚುಂಕತ್ ಅದಕ್ಕೆ ಒತ್ತಾಸೆಯಾಗಿ ನಿಂತರು. ಲೇಡೀಸ್ ಸೈಕಲ್ ಸಾಲದೆ ಬಂದಾಗ ಹೆಂಗಸರು ಗಂಡಸರ ಸೈಕಲ್ಲನ್ನೇ ಹತ್ತಿದರು. ಅಡ್ಡ ಕಂಬಿಯ ಮೇಲೆ ಮಗುವನ್ನು ಕೂರಿಸಬಹುದೆಂದು ಅದನ್ನೇ ಮೆಚ್ಚಿದವರೂ ಇದ್ದರು ಎಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ್ದೂ ಶಾಲೆಯ ದಾರಿ ದೂರವೆಂದು ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಓದು ಬಿಡಬಾರದೆಂದೇ.

ಈಗ ಆ ಸೈಕಲ್ ಓಡುತ್ತಿದೆ. ಹಳೆಯ ಕಪ್ಪು ಬಣ್ಣ ಅಲ್ಲಲ್ಲಿ ಹೋಗಿದೆ, ಹೊಸ ಫೋರ್ಕಿನ ಬಣ್ಣ ಅದಕ್ಕೆ ಹೊಂದುವುದೂ ಇಲ್ಲ. ಮೊದಲ ವಾರದಲ್ಲೇ ಜಾಲಿ ಮುಳ್ಳು ಚುಚ್ಚಿತು. ಪಂಕ್ಚರ್ ಹಾಕುವುದನ್ನು ಅವಳೇ ಕಲಿತಳು. ಅಜ್ಜಿ ಬಾಗಿಲಲ್ಲಿ ಕೂತು ಬೆಲ್ಲಿನ ಸದ್ದು ಕೇಳಿದರೆ ತಲೆ ಎತ್ತುತ್ತಾರೆ.

ಯುವಮಿತ್ರರೇ, ನಿಮ್ಮ ಹಿತ್ತಲಲ್ಲೂ ಇಂಥದ್ದೊಂದು ನಿಂತಿರಬಹುದು. ಮೊದಲು ದಾರ ಕಟ್ಟಿ ಚೌಕಟ್ಟು ನೋಡಿ. ಆಮೇಲೆ ಪಟ್ಟಿ ಬರೆದು ಖರ್ಚು ಕೂಡಿಸಿ. ಕೊನೆಗೆ ನಾಳೆ ಬೆಳಗ್ಗೆ ಅದನ್ನು ಯಾರು ಹತ್ತುತ್ತಾರೆ ಎಂದು ಕೇಳಿಕೊಳ್ಳಿ. ಚೌಕಟ್ಟು ಸೀಳಿದ್ದರೆ, ಹತ್ತುವವರೇ ಇಲ್ಲದಿದ್ದರೆ, ಗುಜರಿಗೆ ಕೊಡಲು ಸಂಕೋಚ ಬೇಡ. ಆ ಕಬ್ಬಿಣವಾದರೂ ಇನ್ನೊಂದು ಕೆಲಸಕ್ಕೆ ಬರುತ್ತದೆ. ಚೌಕಟ್ಟು ನೇರವಾಗಿದ್ದು ದಾರಿ ಕಾಯುವವರು ಒಬ್ಬರಿದ್ದರೂ ಸಾಕು, ಸ್ಪ್ಯಾನರ್ ಕೈಗೆತ್ತಿಕೊಳ್ಳಿ.