ತಾಗಿಸುವ ಯಂತ್ರ, ಅಂಟಿಸುವ ಚೀಟಿ

ಆಂಧ್ರ-ಕರ್ನಾಟಕ ಗಡಿಯ ಹಾಲಹರವಿಯಂಥ ಊರುಗಳಲ್ಲಿ ಮೊಬೈಲು ತಾಗಿಸಿ ಹಣ ಕೊಡುವ ಪದ್ಧತಿ ಬೇಗ ಬೇರೂರಲಿಲ್ಲ. ಅದಕ್ಕೆ ಜನರ ಹಿಂಜರಿಕೆಗಿಂತ ಅಂಗಡಿಯ ಲೆಕ್ಕಾಚಾರವೇ ಕಾರಣ. 2015ರಲ್ಲೇ ರಿಸರ್ವ್ ಬ್ಯಾಂಕು 2000 ರೂಪಾಯಿವರೆಗೆ ಪಿನ್ ಇಲ್ಲದೆ ಕಾರ್ಡ್ ತಾಗಿಸಲು ಒಪ್ಪಿತ್ತು. 2017ರಲ್ಲಿ ಸ್ಯಾಮ್‌ಸಂಗ್ ಪೇ ಬಂತು. ಆದರೆ ಅದಕ್ಕೆ ಅಂಗಡಿಯಲ್ಲಿ ಯಂತ್ರ ಬೇಕು, ಗಿರಾಕಿಯ ಕೈಯಲ್ಲಿ ದುಬಾರಿ ಫೋನು ಬೇಕು. 2016ರ ಯುಪಿಐಗೆ ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿಯೇ ಸಾಕಾಯಿತು. 2020ರ ಜನವರಿಯಿಂದ ವ್ಯಾಪಾರಿಯ ಶುಲ್ಕವೂ ಹೋಯಿತು. ಓದು ಬಾರದವರು ಹೊಸದಕ್ಕೆ ಹೆದರುತ್ತಾರೆ ಎಂಬ ವಾದವುಂಟು. ಹಾಗಿದ್ದರೆ ಚೀಟಿಗೂ ಹೆದರಬೇಕಿತ್ತಲ್ಲ! ಬಂದ ಮೊತ್ತವನ್ನು ಕೂಗಿ ಹೇಳುವ ಪೆಟ್ಟಿಗೆ ಉಳಿದ ಅಳುಕನ್ನೂ ಕಳೆಯಿತು. ಅಂಗಡಿಗೆ ಇನ್ನೊಂದು ಲೆಕ್ಕವೂ ಉಂಟು: ಆದೋನಿಯ ಹತ್ತಿ ಪೇಟೆ ನಂಬಿದ ಈ ಸೀಮೆಯಲ್ಲಿ ಹಣ ಬರುವುದು ಸುಗ್ಗಿಗೆ. ಅಲ್ಲಿಯವರೆಗೆ ಉದ್ರಿ ಪುಸ್ತಕವೇ ಗತಿ. ಕ್ಷಣದಲ್ಲಿ ಹಣ ದಾಟಿಸುವ ಯಂತ್ರ ಉದ್ರಿ ಬರೆಯಲಾರದು.